ಇಲ್ಲಿ ಯಾರೂ ಸತ್ತಿಲ್ಲವಲ್ಲ!

ಸಂಚಿಕೆಗೆ ಹಳೆಯ ನೆನಪು ಏನಾದರೂ ಬರೆದುಕೊಡಿ ಅಂತ ಫೋನ್ ಬಂದಾಗ ನನಗೆ ತಟ್ಟನೆ ಕಣ್ಣಮುಂದೆ ಬಂದದ್ದು ಒಂದು ಹಾಳಾದ ಪೆಟ್ರಿ ಪ್ಲೇಟು. ಕೊನೆಯ ವರ್ಷದ ಪ್ರಾಕ್ಟಿಕಲ್ಸ್. ಬ್ಯಾಕ್ಟೀರಿಯಾದೊಳಗೆ ಪ್ಲಾಸ್ಮಿಡ್ ಅನ್ನುವ, ಔಷಧ ತಡೆಯುವ ಜೀನ್ ಇರುವ ಪುಟ್ಟ ಡಿಎನ್‌ಎ ತೂರಿಸಬೇಕು, ತೂರಿದ್ದು ಮಾತ್ರ ಬದುಕಬೇಕು, ಉಳಿದದ್ದನ್ನೆಲ್ಲ ಆಂಪಿಸಿಲಿನ್ ಅನ್ನುವ ಆಂಟಿಬಯೋಟಿಕ್ ಕೊಲ್ಲಬೇಕು. ಪ್ಲೇಟ್ ಸುರಿಯುವ ಕೆಲಸ ನನ್ನದು. ಬ್ಯಾಕ್ಟೀರಿಯಾ ಬೆಳೆಸಲು ಪ್ಲೇಟಿಗೆ ಸುರಿಯುವ ಅಗಾರ್‌ನ ಫ್ಲಾಸ್ಕ್ ಇನ್ನೂ ಕೈ ಸುಡುತ್ತಿತ್ತು, ನನಗೋ ಬಸ್ಸಿನ ಅವಸರ, ಬಟ್ಟೆ ಸುತ್ತಿ ಹಿಡಿದುಕೊಂಡು ಆ ಬಿಸಿಗೇ ಔಷಧ ಹಾಕಿ ಗರಗರ ತಿರುಗಿಸಿ ಸುರಿದುಬಿಟ್ಟೆ. ಮಾರನೆಯ ದಿನ ಇನ್‌ಕ್ಯುಬೇಟರ್ ತೆಗೆದು ನೋಡಿದರೆ ಪ್ಲೇಟಿನ ತುಂಬ ಕೆನೆ ಕಟ್ಟಿದ ಹಾಗೆ ಬೆಳೆದಿದೆ! ನಾವು ಮೂವರು ಕುಣಿದದ್ದೇ ಕುಣಿದದ್ದು.

ಮೇಡಂ ಬಂದರು. ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ‘ಕಂಟ್ರೋಲ್ ಪ್ಲೇಟ್ ಎಲ್ಲಿ?’ ಅಂದರು. ಪ್ಲಾಸ್ಮಿಡ್ ಹಾಕದೇ ಇದ್ದ ಆ ಪ್ಲೇಟಿನಲ್ಲೂ ಅಷ್ಟೇ ದಪ್ಪ ಕೆನೆ. ಎರಡನ್ನೂ ಮೇಜಿನ ಮೇಲಿಟ್ಟು, ‘ಇಲ್ಲಿ ಯಾರೂ ಸತ್ತಿಲ್ಲವಲ್ಲ ಕಣ್ರೋ!’ ಅಂದರು.

ಬಿಸಿ ಅಗಾರ್‌ನಲ್ಲಿ ಆಂಪಿಸಿಲಿನ್ ಕೆಟ್ಟುಹೋಗುತ್ತದೆ. ಫ್ಲಾಸ್ಕನ್ನು ಬರಿಗೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆಯೇ ಹಾಕಬೇಕು. ಇದು ರೆಕಾರ್ಡ್ ಬುಕ್ಕಿನಲ್ಲಿ ನನ್ನ ಕೈಯಲ್ಲೇ ಬರೆದಿತ್ತು, ನೋಡಿ!

ಮೇಡಂ ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು, ನೀವು ಇವತ್ತು ಹಾಳು ಮಾಡಿದ್ದು ಯಾರು ಮಾಡಿದ ಪ್ರಯೋಗ ಗೊತ್ತಾ ಅಂತ ಶುರು ಮಾಡಿದರು. ಅವತ್ತು ಅರ್ಧ ಗಂಟೆ, ಆಮೇಲೆ ಆ ವಾರವೆಲ್ಲ, ಡಿಎನ್‌ಎ ಚೂರುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಜೆಲ್ ಓಡುವಾಗ, ಸೆಂಟ್ರಿಫ್ಯೂಜ್ ತಿರುಗುವಾಗ ಕಂತು ಕಂತಾಗಿ ಹೇಳಿದರು. ಸ್ಟ್ಯಾನ್ಲಿ ಕೊಹೆನ್ ಅವರ ಕಥೆ. ಮೊದಲೇ ಒಂದು ಎಚ್ಚರಿಕೆ ಕೊಟ್ಟಿದ್ದರು: ಸ್ಟ್ಯಾನ್ಲಿ ಕೊಹೆನ್ ಅಂತ ಇಬ್ಬರಿದ್ದಾರೆ, 1986ರಲ್ಲಿ ನೊಬೆಲ್ ಬಂದದ್ದು ಇನ್ನೊಬ್ಬರಿಗೆ, ಪರೀಕ್ಷೆಯಲ್ಲಿ ಕಲಸಬೇಡಿ. ನಮ್ಮಲ್ಲಿ ಇಬ್ಬರು ಕಲಸಿದರು, ಅದು ಬೇರೆ ಮಾತು.

ಈ ಕೊಹೆನ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ನ್ಯೂಜೆರ್ಸಿಯ ಪರ್ತ್ ಅಂಬಾಯ್‌ನಲ್ಲಿ. ರಟ್ಗರ್ಸ್‌ನಲ್ಲಿ ಪದವಿ, 1960ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರ್ ಓದು. ಓದುವ ದಿನಗಳಲ್ಲಿ ಹಾಡು ಬರೆಯುತ್ತಿದ್ದರಂತೆ, ಒಂದನ್ನು ಹೆಸರಾಂತ ಗಾಯಕರೊಬ್ಬರು ಹಾಡಿ ರೆಕಾರ್ಡೂ ಆಗಿತ್ತು. ಬ್ಯಾಂಜೊ ಬೇರೆ ನುಡಿಸುತ್ತಿದ್ದರು. 1968ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸೇರಿದರು, ಅಲ್ಲಿಂದ ಕದಲಲಿಲ್ಲ.

ಅವರು ತಲೆ ಕೆಡಿಸಿಕೊಂಡಿದ್ದ ಪ್ರಶ್ನೆ ಒಬ್ಬ ವೈದ್ಯನ ಪ್ರಶ್ನೆ. ಬ್ಯಾಕ್ಟೀರಿಯಾಗಳು ಒಂದೇ ಏಟಿಗೆ ನಾಲ್ಕಾರು ಔಷಧಕ್ಕೆ ಬಗ್ಗದ ಹಾಗೆ ಆಗಿಬಿಡುವುದು ಹೇಗೆ? ಅದರ ಗುಟ್ಟು ಪ್ಲಾಸ್ಮಿಡ್‌ನಲ್ಲಿದೆ ಅಂತ ಆಗಲೇ ಗೊತ್ತಿತ್ತು. ಬ್ಯಾಕ್ಟೀರಿಯಾದ ದೊಡ್ಡ ಡಿಎನ್‌ಎ ಒಂದು ಕಡೆ, ಅದರ ಪಕ್ಕದಲ್ಲಿ ಬಳೆಯ ಹಾಗೆ ದುಂಡಗಿನ ಪುಟ್ಟ ಡಿಎನ್‌ಎ, ಅದೇ ಪ್ಲಾಸ್ಮಿಡ್. ಔಷಧವನ್ನು ತಡೆಯುವ ಜೀನುಗಳನ್ನು ಹೊತ್ತುಕೊಂಡು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ಕೊಹೆನ್ ಇವನ್ನು ಒಡೆದು ಯಾವ ಜೀನ್ ಎಲ್ಲಿದೆ ಅಂತ ನೋಡಬೇಕೆಂದಿದ್ದರು. ಹೊಸ ಉದ್ಯಮ ಕಟ್ಟುವ ಯೋಚನೆ ಯಾರಿಗೂ ಇರಲಿಲ್ಲ.

1972ರಲ್ಲಿ ಅವರ ಲ್ಯಾಬ್ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ, ತಣ್ಣಗೆ ಇಟ್ಟು, ಒಂದು ಸಲ ಬಿಸಿ ಮುಟ್ಟಿಸಿದರೆ ಅದು ಹೊರಗಿನ ಡಿಎನ್‌ಎಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ವೈರಸ್ಸಿನ ಡಿಎನ್‌ಎ ವಿಷಯದಲ್ಲಿ ಈ ಉಪಾಯವನ್ನು 1970ರಲ್ಲೇ ಮ್ಯಾಂಡೆಲ್ ಮತ್ತು ಹಿಗಾ ತೋರಿಸಿದ್ದರು. ಕೊಹೆನ್, ಆನಿ ಚಾಂಗ್ ಮತ್ತು ಲೆಸ್ಲಿ ಹ್ಸು ಅದನ್ನು ಪ್ಲಾಸ್ಮಿಡ್‌ಗೆ ಒಗ್ಗಿಸಿದರು. ನಾವು ಐಸ್ ಡಬ್ಬದಲ್ಲಿ ಟ್ಯೂಬ್ ಸಿಕ್ಕಿಸಿ, 42 ಡಿಗ್ರಿ ನೀರಿಗೆ ಅದ್ದಿ, ಗಡಿಯಾರ ನೋಡುತ್ತಾ ಸೆಕೆಂಡ್ ಎಣಿಸುತ್ತಿದ್ದೆವಲ್ಲ, ಅದೇ ಇದು.

ಒಳಗೆ ಕಳಿಸುವುದೇನೋ ಗೊತ್ತಾಯಿತು. ಸರಿಯಾಗಿ ಕತ್ತರಿಸುವುದು ಹೇಗೆ? ಅದಕ್ಕೆ ಕತ್ತರಿ ಸಿಕ್ಕಿದ್ದು ಹವಾಯಿಯಲ್ಲಿ. 1972ರ ನವೆಂಬರ್‌ನಲ್ಲಿ ಹೊನೊಲುಲುವಿನಲ್ಲಿ ಅಮೆರಿಕ ಮತ್ತು ಜಪಾನಿನ ಪ್ಲಾಸ್ಮಿಡ್ ತಜ್ಞರ ಸಭೆ. ಅಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬೋಯರ್ ತಮ್ಮ ಎನ್‌ಜೈಮ್ ಬಗ್ಗೆ ಮಾತಾಡಿದರು, ಹೆಸರು ಇಕೊಆರ್‌ಒನ್. ಸಂಜೆ ವೈಕಿಕಿ ಕಡಲ ದಡದ ಹತ್ತಿರ ಒಂದು ಸಣ್ಣ ಅಂಗಡಿಯಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಾ ಇಬ್ಬರೂ ಲೆಕ್ಕ ಹಾಕಿದರು: ನಿಮ್ಮ ಕತ್ತರಿ, ನನ್ನ ಪ್ಲಾಸ್ಮಿಡ್. ಈ ಸ್ಯಾಂಡ್‌ವಿಚ್ ಕಥೆ ಎಲ್ಲ ಕಡೆ ಸಿಗುತ್ತದೆ. ಮೇಡಂಗೆ ಮಾತ್ರ ಅದರ ಮೇಲೆ ಅಷ್ಟೇನೂ ಪ್ರೀತಿ ಇರಲಿಲ್ಲ. ‘ಸ್ಯಾಂಡ್‌ವಿಚ್ ತಿಂದಿದ್ದು ಒಂದು ಸಂಜೆ, ಪ್ಲೇಟ್ ಸುರಿದದ್ದು ತಿಂಗಳುಗಟ್ಟಲೆ’ ಅನ್ನುತ್ತಿದ್ದರು.

ಆ ಎನ್‌ಜೈಮ್ ಏನು ಮಾಡುತ್ತದೆ ಅಂತ ತೋರಿಸಲು ಮೇಡಂ ಒಂದು ರಬ್ಬರ್ ಬ್ಯಾಂಡ್ ತಂದಿದ್ದರು. ಒಂದು ಕಡೆ ಕತ್ತರಿಸಿದರೆ ಉಂಗುರ ಹೋಗಿ ದಾರ ಆಗುತ್ತದೆ. ನಾಲ್ಕು ಕಡೆ ಕತ್ತರಿಸಿದರೆ ಚೂರು ಚೂರು, ಕೆಲಸಕ್ಕೆ ಬರಲ್ಲ. ಇಕೊಆರ್‌ಒನ್ ಡಿಎನ್‌ಎ ಉದ್ದಕ್ಕೂ ಹೋಗಿ ಜಿಎಎಟಿಟಿಸಿ ಅನ್ನುವ ಆರು ಅಕ್ಷರ ಎಲ್ಲಿದೆಯೋ ಅಲ್ಲೇ ಕತ್ತರಿ ಹಾಕುತ್ತದೆ. ಅದೂ ನೇರವಾಗಿ ಅಲ್ಲ, ಮೆಟ್ಟಿಲಿನ ಹಾಗೆ, ಹಾಗಾಗಿ ಎರಡೂ ತುದಿಯಲ್ಲಿ ಒಂದೊಂದು ಎಳೆ ಚೂರು ಹೊರಗೆ ಚಾಚಿಕೊಂಡಿರುತ್ತದೆ, ಇದೇ ಎನ್‌ಜೈಮ್ ಕತ್ತರಿಸಿದ ಬೇರೆ ಯಾವ ಡಿಎನ್‌ಎ ಸಿಕ್ಕಿದರೂ ಅಂಟಿಕೊಳ್ಳುತ್ತದೆ. ಕೊಹೆನ್ ಹತ್ತಿರ ಇದ್ದ ಒಂದು ಪ್ಲಾಸ್ಮಿಡ್‌ನಲ್ಲಿ ಆ ಆರು ಅಕ್ಷರ ಒಂದೇ ಒಂದು ಕಡೆ ಇತ್ತು. ಪಿಎಸ್‌ಸಿ101. ಎಸ್‌ಸಿ ಅಂದರೆ ಸ್ಟ್ಯಾನ್ಲಿ ಕೊಹೆನ್. ಟೆಟ್ರಾಸೈಕ್ಲಿನ್ ತಡೆಯುವ ಜೀನ್ ಅದರಲ್ಲಿತ್ತು.

1973ರ ಶುರುವಿನಿಂದ ಕೆಲಸ ನಡೆಯಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಪ್ಲಾಸ್ಮಿಡ್ ತೆಗೆಯುವುದು, ಸುಮಾರು 55 ಕಿಲೋಮೀಟರ್ ಆಚೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕತ್ತರಿಸಿ ಜೆಲ್ ಮೇಲೆ ನೋಡುವುದು, ಮತ್ತೆ ಸ್ಟ್ಯಾನ್‌ಫರ್ಡ್‌ಗೆ ತಂದು ಜೋಡಿಸಿ ಬ್ಯಾಕ್ಟೀರಿಯಾಕ್ಕೆ ಸೇರಿಸುವುದು. ಟ್ಯೂಬುಗಳನ್ನು ಅತ್ತಿಂದಿತ್ತ ಹೊತ್ತವರು ಆನಿ ಚಾಂಗ್. ಕೊಹೆನ್ ಲ್ಯಾಬಿನ ಟೆಕ್ನಿಷಿಯನ್. ಅವರ ಮನೆ ಇದ್ದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ದಿನಾ ಓಡಾಡುತ್ತಿದ್ದ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲೇ ಈ ಟ್ಯೂಬುಗಳೂ ಹೋಗಿಬಂದವು. ಇಲ್ಲಿಗೆ ಬಂದಾಗ ಮೇಡಂ ದನಿ ಬದಲಾಗುತ್ತಿತ್ತು. ನಾನಂತೂ ಬರೆಯುವುದು ನಿಲ್ಲಿಸಿ ಸುಮ್ನೆ ಕೇಳುತ್ತಾ ಕೂತಿದ್ದೆ. ಯೋಚನೆ ಮಾಡಿ, ಕಣ್ಣಿಗೆ ಕಾಣದ ಒಂದಿಷ್ಟು ಡಿಎನ್‌ಎ, ಒಂದು ಹನಿ ನೀರಿನಲ್ಲಿ, ಕಾರಿನಲ್ಲಿ ಟ್ರಾಫಿಕ್ ದಾಟಿಕೊಂಡು ಹೋಗುತ್ತಿದೆ.

ಕೊಹೆನ್ ತಂಡದ ಪರೀಕ್ಷೆಯೂ ನಮ್ಮದರ ಹಾಗೆ ಸಾವಿನ ಲೆಕ್ಕವೇ. ಟೆಟ್ರಾಸೈಕ್ಲಿನ್ ತಡೆಯುವ ಜೀನ್ ಇರುವ ಪ್ಲಾಸ್ಮಿಡ್ ಒಂದು, ಕ್ಯಾನಮೈಸಿನ್ ತಡೆಯುವ ಜೀನ್ ಇರುವ ಪ್ಲಾಸ್ಮಿಡ್ ಇನ್ನೊಂದು. ಎರಡನ್ನೂ ಕತ್ತರಿಸಿ ಬೆರೆಸಿ ಜೋಡಿಸಿದರು. ಎರಡೂ ಔಷಧ ಇರುವ ಪ್ಲೇಟಿನ ಮೇಲೆ ಹಾಕಿದರು. ಒಂದೇ ಜೀನ್ ಸಿಕ್ಕಿದ್ದೆಲ್ಲ ಸಾಯಬೇಕು. ಎರಡೂ ಸಿಕ್ಕಿದ್ದು ಬದುಕಬೇಕು. ಕಾಲೊನಿಗಳು ಎದ್ದವು. ಅವುಗಳ ಡಿಎನ್‌ಎ ತೆಗೆದು ಜೆಲ್ ಮೇಲೆ ಓಡಿಸಿ ನೋಡಿದರೆ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಬ್ಯಾಂಡುಗಳು, ಇರಬೇಕಾದ ಜಾಗದಲ್ಲೇ. ಅದನ್ನು ನೋಡಿ ಕಣ್ಣಲ್ಲಿ ನೀರು ಬಂತು ಅಂತ ಬೋಯರ್ ಆಮೇಲೆ ಹೇಳಿಕೊಂಡಿದ್ದಾರೆ. 1973ರ ನವೆಂಬರ್‌ನಲ್ಲಿ ಪ್ರಬಂಧ ಅಚ್ಚಾಯಿತು. ನಾಲ್ಕು ಹೆಸರು: ಕೊಹೆನ್, ಚಾಂಗ್, ಬೋಯರ್, ಹೆಲ್ಲಿಂಗ್.

ಮರುವರ್ಷ ಇನ್ನೂ ಮುಂದೆ ಹೋದರು. ಸ್ಟ್ಯಾಫಿಲೊಕಾಕಸ್ ಅನ್ನುವ ಪೂರ್ತಿ ಬೇರೆ ಜಾತಿಯ ಬ್ಯಾಕ್ಟೀರಿಯಾದ ಜೀನನ್ನು ಇ. ಕೋಲೈಗೆ ಹಾಕಿದರು, ಕೆಲಸ ಮಾಡಿತು. ಆಮೇಲೆ ಆಫ್ರಿಕಾದ ಒಂದು ಕಪ್ಪೆಯ ಜೀನು. ಕಪ್ಪೆಯ ಡಿಎನ್‌ಎ ಬ್ಯಾಕ್ಟೀರಿಯಾದೊಳಗೆ ಪೀಳಿಗೆ ಪೀಳಿಗೆಗೂ ನಕಲಾಗುತ್ತಾ ಹೋಯಿತು!

ಇಷ್ಟಾದ ಮೇಲೆ ಭಯವೂ ಹುಟ್ಟಿತು, ಸಹಜವೇ. ಯಾರೋ ಕ್ಯಾನ್ಸರ್ ವೈರಸ್ಸಿನ ಜೀನನ್ನು ನಮ್ಮ ಕರುಳಿನಲ್ಲಿರುವ ಬ್ಯಾಕ್ಟೀರಿಯಾಕ್ಕೆ ಹಾಕಿಬಿಟ್ಟರೆ? 1974ರಲ್ಲಿ ಪಾಲ್ ಬರ್ಗ್ ಮುಂದಾಳತ್ವದಲ್ಲಿ ಹಲವು ವಿಜ್ಞಾನಿಗಳು ಸೇರಿ, ಕೆಲವು ಬಗೆಯ ಪ್ರಯೋಗಗಳನ್ನು ಸದ್ಯಕ್ಕೆ ನಿಲ್ಲಿಸೋಣ ಅಂತ ಪತ್ರ ಬರೆದರು. ಕೊಹೆನ್, ಬೋಯರ್ ಇಬ್ಬರ ಸಹಿಯೂ ಅದರಲ್ಲಿತ್ತು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮರ್‌ನಲ್ಲಿ ಸಭೆ ಸೇರಿ ನಿಯಮಗಳ ಚರ್ಚೆ ಆಯಿತು. ಆಮೇಲಾಮೇಲೆ ಈ ಭಯ ಅತಿಯಾಯಿತು ಅಂತ ಕೊಹೆನ್ ಬಹಿರಂಗವಾಗಿಯೇ ವಾದಿಸಿದರು. ನನಗೆ ಕೇಳಿದರೆ ಮೊದಲು ನಿಲ್ಲಿಸಿದ್ದೂ ಸರಿ, ಆಮೇಲೆ ವಾದಿಸಿದ್ದೂ ಸರಿ. ನಮ್ಮ ತರಗತಿಯಲ್ಲಿ ಇದರ ಮೇಲೆ ಜಗಳವೇ ಆಗಿತ್ತು.

ಪೇಟೆಂಟ್ ಕಥೆ ಬೇರೆ. ಸ್ಟ್ಯಾನ್‌ಫರ್ಡ್‌ನ ಪೇಟೆಂಟ್ ವ್ಯವಹಾರ ನೋಡಿಕೊಳ್ಳುತ್ತಿದ್ದ ನೀಲ್ಸ್ ರೈಮರ್ಸ್ ಪತ್ರಿಕೆಯಲ್ಲಿ ಈ ಸುದ್ದಿ ಓದಿ ಕೊಹೆನ್ ಹತ್ತಿರ ಬಂದರು. ಕೊಹೆನ್‌ಗೆ ಮೊದಲು ಮನಸ್ಸಿರಲಿಲ್ಲ, ಇಷ್ಟು ಜನರ ಕೆಲಸದ ಮೇಲೆ ನಿಂತಿರುವುದಕ್ಕೆ ಪೇಟೆಂಟ್ ಹಾಕುವುದು ಹೇಗೆ ಅಂತ. ಕೊನೆಗೆ ಒಪ್ಪಿದರು. ಪ್ರಬಂಧ ಅಚ್ಚಾಗಿ ವರ್ಷ ತುಂಬುವುದರೊಳಗೆ ಅರ್ಜಿ ಹೋಗಬೇಕಿತ್ತು, 1974ರ ನವೆಂಬರ್ 4ಕ್ಕೆ ಹೋಯಿತು, ಗಡುವಿಗೆ ಕೆಲವೇ ದಿನ ಇರುವಾಗ. 1980ರ ಡಿಸೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. ವರ್ಷಕ್ಕೆ 10,000 ಡಾಲರ್ ಶುಲ್ಕ ಇಟ್ಟು ಯಾವ ಕಂಪನಿ ಕೇಳಿದರೂ ಕೊಟ್ಟರು, 468 ಕಂಪನಿಗಳು ಪಡೆದವು, 1997ರಲ್ಲಿ ಅವಧಿ ಮುಗಿಯುವಷ್ಟರಲ್ಲಿ ಎರಡು ವಿಶ್ವವಿದ್ಯಾಲಯಗಳಿಗೆ ಸುಮಾರು 25 ಕೋಟಿ ಡಾಲರ್ ಬಂದಿತ್ತು.

ಇದನ್ನು ಹೇಳಿದ ದಿನ ಮೇಡಂ ಬೋರ್ಡಿನ ಮೇಲೆ ಪ್ರಬಂಧದ ನಾಲ್ಕು ಹೆಸರು ಬರೆದರು. ಡಸ್ಟರ್ ತೆಗೆದುಕೊಂಡು ಎರಡನ್ನು ಒರೆಸಿದರು. ಉಳಿದದ್ದು ಕೊಹೆನ್, ಬೋಯರ್. ‘ಇದು ಪೇಟೆಂಟ್’ ಅಂದು ಚಾಕ್ ಇಟ್ಟರು. ಮುಂದೆ ವ್ಯಾಖ್ಯಾನ ಇಲ್ಲ. ಕಾನೂನಿನ ಪ್ರಕಾರ ಯೋಚನೆ ಯಾರದೋ ಅವರೇ ಸಂಶೋಧಕರು, ಅದು ನನಗೂ ಗೊತ್ತು. ಆದರೂ ಒರೆಸಿದ ಜಾಗ ಬೋರ್ಡಿನ ಮೇಲೆ ಬೆಳ್ಳಗೆ ಕಾಣುತ್ತಾ ಇತ್ತು.

ಬೋಯರ್ 1976ರಲ್ಲಿ ರಾಬರ್ಟ್ ಸ್ವಾನ್ಸನ್ ಜೊತೆ ಸೇರಿ ಜೆನೆನ್‌ಟೆಕ್ ಕಂಪನಿ ಕಟ್ಟಿದರು. 1978ರಲ್ಲಿ ಬ್ಯಾಕ್ಟೀರಿಯಾದಿಂದ ಮನುಷ್ಯರ ಇನ್ಸುಲಿನ್ ಬಂತು, 1982ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಪಡೆಯಿತು. ಅಲ್ಲಿಯವರೆಗೆ ಸಕ್ಕರೆ ಕಾಯಿಲೆಯವರು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ ಚುಚ್ಚಿಕೊಳ್ಳಬೇಕಿತ್ತು. ಕೊಹೆನ್ ಮಾತ್ರ ಲ್ಯಾಬ್ ಬಿಟ್ಟು ಹೋಗಲಿಲ್ಲ. 1978ರಿಂದ 1986ರವರೆಗೆ ಸ್ಟ್ಯಾನ್‌ಫರ್ಡ್‌ನ ಜೆನೆಟಿಕ್ಸ್ ವಿಭಾಗದ ಮುಖ್ಯಸ್ಥರು. ಲಾಸ್ಕರ್ ಪ್ರಶಸ್ತಿ ಬಂತು, 1988ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ, 2004ರಲ್ಲಿ ಬೋಯರ್ ಜೊತೆ ಶಾ ಪ್ರಶಸ್ತಿ. 1980ರ ನೊಬೆಲ್ ಪಾಲ್ ಬರ್ಗ್ ಅವರಿಗೆ ಹೋಯಿತು, ಅವರೂ ಅರ್ಹರೇ, ಆದರೆ ಕೊಹೆನ್ ಮತ್ತು ಬೋಯರ್ ಅವರ ಈ ಕೆಲಸಕ್ಕೆ ನೊಬೆಲ್ ಬರಲಿಲ್ಲ ಅನ್ನುವುದು ನನಗೆ ಈಗಲೂ ಅರಗದ ಸಂಗತಿ.

ನಾನು ವಿಜ್ಞಾನಿ ಆಗಲಿಲ್ಲ. ಲ್ಯಾಬ್ ಟೆಕ್ನಿಷಿಯನ್ ಆದೆ, ಇವತ್ತಿಗೂ ಅದೇ ಕೆಲಸ. ಡಾಕ್ಟರ್ ಓದುವ ವರದಿಯ ಹಿಂದೆ ಇರುವ ಟ್ಯೂಬು, ಲೇಬಲ್ಲು, ಐಸು ನನ್ನದು. ಹೊಸಬರು ಬಂದರೆ ಮೊದಲ ದಿನವೇ ಕಂಟ್ರೋಲ್ ಪ್ಲೇಟ್ ತೋರಿಸು ಅನ್ನುತ್ತೇನೆ. ಅವರಿಗೆ ಸಿಟ್ಟು ಬರುತ್ತದೆ, ನನಗೂ ಬಂದಿತ್ತಲ್ವಾ.

ಆ ಪ್ರಯೋಗವನ್ನು ನಾವು ಮುಂದಿನ ವಾರ ಮತ್ತೆ ಮಾಡಿದೆವು. ಈ ಸಲ ಫ್ಲಾಸ್ಕನ್ನು ಕೆನ್ನೆಗೆ ಒತ್ತಿ ನೋಡಿ, ಆರಿದ ಮೇಲೆಯೇ ಆಂಪಿಸಿಲಿನ್ ಹಾಕಿದೆ. ಬಸ್ ತಪ್ಪಿತು. ಬೆಳಿಗ್ಗೆ ನೋಡಿದರೆ ಕಂಟ್ರೋಲ್ ಪ್ಲೇಟ್ ಕನ್ನಡಿಯ ಹಾಗೆ ಖಾಲಿ. ಇನ್ನೊಂದರಲ್ಲಿ 11 ಬಿಳಿ ಚುಕ್ಕೆ. ಹಿಂದಿನ ಸಲದ ಕೆನೆಯ ಮುಂದೆ ಇದು ಎಷ್ಟು ಬಡಕಲಾಗಿ ಕಂಡಿತು ಅಂದರೆ ಕುಣಿಯಬೇಕೋ ಬೇಡವೋ ಗೊತ್ತಾಗದೆ ಮೂವರೂ ಮೇಡಂ ಮುಖ ನೋಡಿದೆವು. ಅವರು ಎರಡು ಸಲ ಎಣಿಸಿದರು. ಆಮೇಲೆ ರೆಕಾರ್ಡ್ ಬುಕ್ಕಿಗೆ ಸಹಿ ಹಾಕಲು ಕೂತವರು ಪೆನ್ನು ನಿಲ್ಲಿಸಿ, ‘ಐಸ್ ಯಾರು ತಂದುಕೊಟ್ಟದ್ದು?’ ಅಂದರು. ಅಟೆಂಡರ್ ಅಣ್ಣ ಅಂದೆವು. ‘ಅವರ ಹೆಸರೇ ಇಲ್ಲವಲ್ಲ ಇಲ್ಲಿ’ ಅಂತ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಮೂರು ವರ್ಷ ಅಣ್ಣ, ಅಣ್ಣ ಅಂತ ಕರೆದಿದ್ದೆವು, ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಸ್ಟೋರ್ ರೂಮಿಗೆ ಹೋಗಿ ಕೇಳಿಕೊಂಡು ಬಂದು ಬರೆದೆ. ಆಮೇಲೆ ಮೇಡಂ ಸಹಿ ಹಾಕಿದರು.