ಯಾರಾದರೂ ಹೋಗಿ ಬನ್ನಿ

ನವೆಂಬರ್ ಬಂತೆಂದರೆ ನಮ್ಮ ಮಾಜಿ ಸೈನಿಕರ ಬಳಗಕ್ಕೆ ಬಿಡುವಿಲ್ಲ. ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಸಲ್ಲಿಸುವ ತಿಂಗಳು. 2014ರಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ಬಂದ ಮೇಲೆ ಮನೆಯಲ್ಲೇ ಬೆರಳಚ್ಚು ಕೊಟ್ಟರೂ ಸಾಕು. ನಡೆಯಲಾಗದವರ ಮನೆಗೆ ಯಂತ್ರ ಹಿಡಿದು ನಾವೇ ಹೋಗುತ್ತೇವೆ.

ಹೋದ ಭಾನುವಾರ ತಪ್ಪಾಯಿತು. ಮಾಜಿ ಸೈನಿಕರೊಬ್ಬರ ಪತ್ನಿಯಾದ ಅಜ್ಜಿಯೊಬ್ಬರ ಬೆರಳಚ್ಚು ಪಡೆಯಬೇಕಿತ್ತು. ‘ಅಜ್ಜಿಯ ಮನೆಗೆ ಯಾರಾದರೂ ಹೋಗಿ ಬನ್ನಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದವನು ನಾನೇ. ಹನ್ನೊಂದು ಮಂದಿ ಹೆಬ್ಬೆರಳಿನ ಚಿಹ್ನೆ ಒತ್ತಿದರು. ಒಬ್ಬರೂ ಹೋಗಲಿಲ್ಲ.

ಸೋಮವಾರ ನಾನು ಹೋದಾಗ ಅಜ್ಜಿ ಜಗಲಿಯಲ್ಲೇ ಕುಳಿತಿದ್ದರು. ಆಧಾರ್ ಕಾರ್ಡ್, ಯಜಮಾನರ ಡಿಸ್ಚಾರ್ಜ್ ಪುಸ್ತಕ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. “ನಿನ್ನೆ ಕತ್ತಲಾಗುವವರೆಗೂ ಕಾದೆನಪ್ಪ” ಎಂದರು, ಅಷ್ಟೇ. ಸವೆದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ, ನಾಲ್ಕನೆಯ ಸಲ ಯಂತ್ರ ಒಪ್ಪಿತು.

ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದ ನಮ್ಮ ಸುಬೇದಾರ್ ಸಾಹೇಬರು ಅಂದು ಸಂಜೆ ನೆನಪಿಸಿದರು: ವೈರ್‌ಲೆಸ್‌ನಲ್ಲಿ ಮುಖ್ಯ ಆದೇಶ ಕೇಳಿಸಿಕೊಂಡವನು ಅದನ್ನು ತಿರುಗಿ ಹೇಳುವವರೆಗೆ ಕಳಿಸಿದವನ ಕೆಲಸ ಮುಗಿಯುವುದಿಲ್ಲ. ಸೇವೆಯಲ್ಲಿದ್ದಾಗ ನಮಗೆಲ್ಲ ಇದು ಉಸಿರಾಟದಷ್ಟೇ ಸಹಜವಾಗಿತ್ತು. ಈಗೇಕೆ ಬಿಟ್ಟೆವು? ನನಗನಿಸುವುದು, ಸಂಕೋಚ. ಒಂದು ಕಾಲದಲ್ಲಿ ನಾವು ಸೆಲ್ಯೂಟ್ ಹೊಡೆಯುತ್ತಿದ್ದ ಹಿರಿಯರಿಗೆ ‘ನೀವು ಹೋಗಿ’ ಎನ್ನಲು ನಾಲಿಗೆ ಏಳುವುದಿಲ್ಲ. ‘ಯಾರಾದರೂ’ ಎಂಬ ಪದದ ಹಿಂದೆ ಅಡಗುತ್ತೇವೆ.

ಇವತ್ತು ಹೆಸರು, ಮನೆ, ಹೊತ್ತು ಮೂರನ್ನೂ ಬರೆದು ಕಳಿಸಿದೆ. ಮೊದಲ ಉತ್ತರ ನನಗಿಂತ ಹಿರಿಯರಾದ ನಿವೃತ್ತ ಕ್ಯಾಪ್ಟನ್ ಅವರದು: “ಶನಿವಾರ ಹತ್ತು ಗಂಟೆ, ಕೆರೆ ಏರಿಯ ಮನೆ, ನಾನು ಹೋಗುತ್ತೇನೆ.”