ಹಾಂಗ್‌ಕಾಂಗ್‌ನಲ್ಲಿ ಒಂದು ಶುಕ್ರವಾರ

ಹಾಂಗ್‌ಕಾಂಗ್‌ನಲ್ಲಿ ಮಸೀದಿ ಇದೆಯೋ ಇಲ್ಲವೋ ಎನ್ನುವ ಚಿಂತೆ ಬೇಡ, ಅಲ್ಲಿಗೆ ಹೊತ್ತಿಗೆ ಸರಿಯಾಗಿ ತಲುಪುವುದೇ ಪಾಡು. ಮ್ಯಾಪಿನಲ್ಲಿ ಇನ್ನೂರು ಮೀಟರ್ ಎಂದು ಕಾಣುವ ಜಾಗ ನಾಲ್ಕು ಮಹಡಿ ಮೇಲಿರಬಹುದು. ಕಟ್ಟಡಗಳ ಗೋಡೆಗೆ ಬಡಿದು ಸಿಗ್ನಲ್ ತಿರುಗುವುದರಿಂದ ಫೋನಿನ ನೀಲಿ ಚುಕ್ಕೆ ಪಕ್ಕದ ಬೀದಿಗೆ ಜಿಗಿಯುತ್ತಲೇ ಇರುತ್ತದೆ.

ಬೆಳಗ್ಗೆ ಸೆಂಟ್ರಲ್‌ನಿಂದ ಶೆಲ್ಲಿ ಸ್ಟ್ರೀಟ್‌ನ ಜಾಮಿಯಾ ಮಸೀದಿಗೆ ಹೊರಡುವವರು ಹತ್ತು ಗಂಟೆಗೆ ಮುಂಚೆ ಹೋಗಬೇಡಿ. ಗುಡ್ಡ ಹತ್ತಿಸುವ ಎಸ್ಕಲೇಟರ್ ಸಾಲು ಬೆಳಗ್ಗೆ 6ರಿಂದ 10ರವರೆಗೆ ಕೆಳಮುಖವಾಗಿಯೇ ಓಡುತ್ತದೆ. ಆಮೇಲೆ ಮೇಲ್ಮುಖ. ಮಾಸ್ಕ್ ಸ್ಟ್ರೀಟ್ ದಾಟಿದ ಕೂಡಲೇ ಇಳಿದರೆ ಪಕ್ಕದಲ್ಲೇ ಗೇಟು. ಈಗಿನ ಕಟ್ಟಡ 1915ರದು. ಸುತ್ತ ಗೋಪುರಗಳಂಥ ಮನೆಗಳು, ನಡುವೆ ಮರಗಳ ನೆರಳಿನ ಅಂಗಳ. ಊರಿನಲ್ಲೇ ಇಂಥ ನೆಮ್ಮದಿಯ ಜಾಗ ಕಡಿಮೆ.

ಜುಮಾಕ್ಕೆ, ಅಂದರೆ ಶುಕ್ರವಾರ ಮಧ್ಯಾಹ್ನದ ನಮಾಜಿಗೆ, ಟ್ರಾಮ್ ಹಿಡಿದು ವಾನ್ ಚಾಯ್‌ನ ಅಮ್ಮಾರ್ ಮಸೀದಿಗೆ ಹೋಗುವುದು ಲೇಸು. ಜುಹರ್ ವಕ್ತ್ (ಮಧ್ಯಾಹ್ನದ ನಮಾಜಿನ ಹೊತ್ತು) ಇಲ್ಲಿ ಋತುವಿಗೆ ತಕ್ಕಂತೆ ಸುಮಾರು 12.10ರಿಂದ 12.40ರ ನಡುವೆ ಶುರುವಾಗುತ್ತದೆ. ಜಮಾತಿನ, ಅಂದರೆ ಎಲ್ಲರೂ ಸೇರಿ ಮಾಡುವ ನಮಾಜಿನ ಸಮಯವನ್ನು ಮಸೀದಿಯ ಬೋರ್ಡಿನಲ್ಲೇ ನೋಡಿಕೊಳ್ಳಿ. ಐದನೇ ಮಹಡಿಯಲ್ಲಿ ಕ್ಯಾಂಟೀನ್ ಇದೆ. ಹಲಾಲ್ ಡಿಮ್ ಸಮ್ (ಚೀನೀ ಪುಟ್ಟ ತಿಂಡಿಗಳು) ಇಷ್ಟು ಸುಲಭವಾಗಿ ಬೇರೆ ಕಡೆ ಸಿಗುವುದಿಲ್ಲ. ನಮಾಜ್ ಮುಗಿದ ಮೇಲೆ ಜನ ನುಗ್ಗುತ್ತಾರೆ, ಹಾಗಾಗಿ ಮೊದಲೇ ತಿಂದುಬಿಡಿ.

ಹೊರಗಿನ ತಿಂಡಿಯ ವಿಷಯಕ್ಕೆ ಬಂದರೆ, ಹಂದಿಮಾಂಸ ಕಣ್ಣಿಗೆ ಕಾಣುವುದರಿಂದ ತಪ್ಪಿಸಿಕೊಳ್ಳುವುದು ಸುಲಭ. ಎಡವುವುದು ಹಂದಿ ಕೊಬ್ಬಿನ ಮೇಲೆ. ಎಗ್ ಟಾರ್ಟ್‌ನ ಪದರು ಪದರಾದ ಹೊರಕವಚ, ಬೇಯಿಸಿದ ಸೊಪ್ಪಿನ ಮೇಲಿನ ಹೊಳಪು ಹಲವೆಡೆ ಅದರಿಂದಲೇ ಬರುತ್ತದೆ. ಸಿಗಡಿ ವೊಂಟನ್‌ನಲ್ಲಿ (ಹೂರಣ ತುಂಬಿದ ಪುಟ್ಟ ಕಡುಬು) ಸಾಮಾನ್ಯವಾಗಿ ಹಂದಿ ಕೀಮಾ ಬೆರೆತಿರುತ್ತದೆ, ನೂಡಲ್ಸ್ ಸಾರು ಹಲವು ಕಡೆ ಮೂಳೆಯದು, ಬಾಣಲೆಗೆ ಅಕ್ಕಿಯ ಮದ್ಯವೂ ಬೀಳುತ್ತದೆ. 'ಮಾಂಸ ಬೇಡ' ಎಂದರೆ ಅಡುಗೆಯವರು ಮಾಂಸದ ತುಂಡು ತೆಗೆದು ಕೊಡುತ್ತಾರೆ, ಸಾರು ಅದೇ ಇರುತ್ತದೆ. 'ಜ್ಯೂ ಯಾವ್' ಹಾಕಿದ್ದೀರಾ ಎಂದೇ ಕೇಳಿ, ಹಂದಿ ಕೊಬ್ಬಿಗೆ ಹಾಗೆನ್ನುತ್ತಾರೆ. ಇಲ್ಲದಿದ್ದರೆ ಬೌದ್ಧ ಸಸ್ಯಾಹಾರಿ ಹೋಟೆಲೇ ವಾಸಿ.

ವಾನ್ ಚಾಯ್‌ನಿಂದಲೇ ಸ್ಟಾರ್ ಫೆರಿ ದೋಣಿ ಬಂದರಿನಾಚೆಯ ಚಿಮ್ ಷಾ ಚುಯ್‌ಗೆ ದಾಟಿಸುತ್ತದೆ. ಅಸರ್‌ಗೆ (ಇಳಿಹೊತ್ತಿನ ನಮಾಜಿಗೆ) ನೇಥನ್ ರೋಡಿನ ಕೌಲೂನ್ ಮಸೀದಿ: ಮೆಟ್ರೋದಲ್ಲಿ ಬಂದವರಿಗೆ ಚಿಮ್ ಷಾ ಚುಯ್ ನಿಲ್ದಾಣದ ಎ1 ದ್ವಾರ. ಮೊದಲ ಮಸೀದಿ 1896ರದು, ಬ್ರಿಟಿಷ್ ಸೈನ್ಯದಲ್ಲಿದ್ದ ಭಾರತೀಯ ಮುಸ್ಲಿಂ ಸಿಪಾಯಿಗಳಿಗಾಗಿ ಕಟ್ಟಿದ್ದು, ಈಗಿನದು 1984ರದು. ಹೋಟೆಲ್ ಕೋಣೆಯಲ್ಲಿ ನಮಾಜ್ ಮಾಡುವುದಾದರೆ ಫೋನಿನ ದಿಕ್ಸೂಚಿಯನ್ನು ನಂಬಬೇಡಿ, ಕಟ್ಟಡದ ಉಕ್ಕು ಅದನ್ನು ದಾರಿ ತಪ್ಪಿಸುತ್ತದೆ. ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ಸುಮಾರು 285 ಡಿಗ್ರಿ. ನೇಥನ್ ರೋಡಿನಲ್ಲಿ ಬಂದರನ್ನು ಬೆನ್ನಿಗೆ ಹಾಕಿ ನಿಂತರೆ ನಿಮ್ಮ ಎಡಗೈ, ಅದಕ್ಕಿಂತ ತುಸು ಮುಂದಕ್ಕೆ. ಶೌಚಾಲಯಗಳಲ್ಲಿ ಕಾಗದವೇ ಹೆಚ್ಚು, ಅರ್ಧ ಲೀಟರ್ ನೀರಿನ ಬಾಟಲಿ ಬ್ಯಾಗಿನಲ್ಲಿರಲಿ.

ರಾತ್ರಿ ಊಟಕ್ಕೆ ಅದೇ ರಸ್ತೆಯ ಚುಂಗ್‌ಕಿಂಗ್ ಮ್ಯಾನ್ಷನ್ಸ್ ಎಂಬ ಬಹುಮಹಡಿ ಕಟ್ಟಡ. ಎಲ್ಲ ಮೆಸ್ಸುಗಳೂ ಹಲಾಲ್ ಅಲ್ಲ, ಗೋಡೆಯ ಮೇಲೆ ಪ್ರಮಾಣಪತ್ರ ಹುಡುಕಿ. ಎ ಇಂದ ಇ ತನಕ ಐದು ಬ್ಲಾಕ್, ಬ್ಲಾಕಿಗೆ ಎರಡೆರಡು ಪುಟ್ಟ ಲಿಫ್ಟು: ಒಂದು ಸಮ ಮಹಡಿಗೆ, ಇನ್ನೊಂದು ಬೆಸ ಮಹಡಿಗೆ. ಬ್ಲಾಕಿನ ಅಕ್ಷರ, ಮಹಡಿಯ ಅಂಕಿ ಎರಡನ್ನೂ ಬರೆದುಕೊಂಡು ಹೋಗಿ, ಇಲ್ಲವಾದರೆ ಸಲ್ಲದ ಸಾಲಿನಲ್ಲಿ ಹೊತ್ತು ಕಳೆಯಬೇಕಾಗುತ್ತದೆ.