ನಾಲ್ಕು ನಕ್ಷತ್ರದ ಜೆರ್ಸಿಯ ಊರು ಮಾಂಟೆವಿಡಿಯೋದಲ್ಲಿ

ಉರುಗ್ವೆಯ ರಾಜಧಾನಿ ಮಾಂಟೆವಿಡಿಯೋದ ದೊಡ್ಡ ಬಸ್ ನಿಲ್ದಾಣಕ್ಕೆ ಟ್ರೆಸ್ ಕ್ರೂಸೆಸ್ ಎಂದು ಹೆಸರು. ಅಲ್ಲಿಂದ ಬಟ್ಲೆ ಪಾರ್ಕಿಗೆ ನಡೆದೇ ಹೋಗಬಹುದು. ಜುಲೈ ಅಂದರೆ ಉರುಗ್ವೆಯಲ್ಲಿ ನಡು ಚಳಿಗಾಲ. ನೀರಿನ ಕಡೆಯಿಂದ ಬೀಸುವ ಗಾಳಿ ಸ್ವೆಟರ್ ಹಾಕಿದರೂ ಬಿಡುವುದಿಲ್ಲ. ಎದುರಾದವರಲ್ಲಿ ಎಷ್ಟೋ ಜನರ ಕಂಕುಳಲ್ಲಿ ಥರ್ಮಾಸ್, ಕೈಯಲ್ಲಿ ‘ಮಾತೆ’ ಎಂಬ ಚಹಾದಂಥ ಪಾನೀಯ ತುಂಬಿದ ಸೋರೆ ಬುರುಡೆ. ನಡೆಯುತ್ತಾ ಹೀರುತ್ತಾರೆ, ಬಸ್ಸಿಗೆ ಕಾಯುತ್ತಾ ಹೀರುತ್ತಾರೆ. ಪಾರ್ಕಿನಲ್ಲಿ ಗಾಡಿ ಎಳೆಯುವ ಎತ್ತುಗಳ ದೊಡ್ಡ ಕಂಚಿನ ಶಿಲ್ಪವಿದೆ. ಎತ್ತು ಕಂಡ ಮೇಲೆ ಸ್ವಲ್ಪ ನಿಲ್ಲದೆ ಹೋಗುವುದುಂಟೇ? ನಿಂತು ತಲೆ ಎತ್ತಿದರೆ ಮರಗಳ ಮೇಲೆ 100 ಮೀಟರ್ ಎತ್ತರದ ಗೋಪುರ. ಅದೇ ಸೆಂಟೆನಾರಿಯೋ ಸ್ಟೇಡಿಯಂ.

ಮೊದಲ ನೋಟಕ್ಕೆ ಇದೇನಾ ಅನ್ನಿಸಿತು. ಬೂದು ಬಣ್ಣದ ಕಾಂಕ್ರೀಟು, ಅಲ್ಲಲ್ಲಿ ಕಲೆ, ಈಗಿನ ಸ್ಟೇಡಿಯಂಗಳ ಥಳುಕು ಒಂದಿಷ್ಟೂ ಇಲ್ಲ. ಆದರೆ ನಾನು ಹೋಗಿದ್ದು ಒಂದು ಪ್ರಶ್ನೆ ಇಟ್ಟುಕೊಂಡು. ಉರುಗ್ವೆ ಗೆದ್ದ ಫುಟ್‌ಬಾಲ್ ವಿಶ್ವಕಪ್ ಎರಡು, 1930 ಮತ್ತು 1950. ಜೆರ್ಸಿಯ ಮೇಲೆ ನಕ್ಷತ್ರ ಮಾತ್ರ ನಾಲ್ಕು. ಹೇಗೆ?

ಉತ್ತರ ಸ್ಟ್ಯಾಂಡುಗಳ ಹೆಸರಿನಲ್ಲೇ ಇದೆ. ಗೋಲಿನ ಹಿಂದಿರುವ ಒಂದು ಸ್ಟ್ಯಾಂಡು ಕೊಲಂಬ್, ಇನ್ನೊಂದು ಆಮ್‌ಸ್ಟರ್‌ಡ್ಯಾಮ್. ಕೊಲಂಬ್ ಅಂದರೆ ಪ್ಯಾರಿಸ್ ಪಕ್ಕದ ಊರು, 1924ರ ಒಲಿಂಪಿಕ್ಸ್ ಫೈನಲ್ ನಡೆದ ಜಾಗ. ಅಲ್ಲಿ ಉರುಗ್ವೆ ಸ್ವಿಟ್ಜರ್‌ಲೆಂಡನ್ನು 3-0ಯಿಂದ ಸೋಲಿಸಿತು. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅರ್ಜೆಂಟೀನಾ ಜೊತೆ ಫೈನಲ್ 1-1 ಆಯಿತು, ಮತ್ತೆ ಆಡಿ 2-1ಕ್ಕೆ ಗೆದ್ದರು. ಆಗ ವಿಶ್ವಕಪ್ ಎಂಬುದೇ ಇರಲಿಲ್ಲ. ಇಡೀ ಜಗತ್ತು ಸೇರಿ ಆಡುತ್ತಿದ್ದದ್ದು ಒಲಿಂಪಿಕ್ಸ್‌ನಲ್ಲೇ, ಹಾಗಾಗಿ ಆ ಎರಡೂ ನಮ್ಮ ಲೆಕ್ಕಕ್ಕೆ ಎನ್ನುವುದು ಉರುಗ್ವೆಯವರ ವಾದ. 2021ರಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಎರಡು ನಕ್ಷತ್ರ ತೆಗೆಯಿರಿ ಎಂದಾಗ ಇವರು ಜಗ್ಗಲಿಲ್ಲ. ತಮಾಷೆ ನೋಡಿ, ಇದೇ ಸ್ಟೇಡಿಯಂ ಅನ್ನು ಫುಟ್‌ಬಾಲ್‌ನ ಚಾರಿತ್ರಿಕ ಸ್ಮಾರಕ ಎಂದು 1983ರಲ್ಲಿ ಘೋಷಿಸಿದ್ದು ಅದೇ ಫಿಫಾ! ಜೆರ್ಸಿಯಿಂದ ನಕ್ಷತ್ರ ಕಿತ್ತರೂ ಈ ಎರಡು ಸ್ಟ್ಯಾಂಡುಗಳನ್ನು ಏನು ಮಾಡುತ್ತಾರೆ? ನನ್ನ ಓಟು ಉರುಗ್ವೆಗೇ.

ಒಲಿಂಪಿಕಾ ಸ್ಟ್ಯಾಂಡಿನ ಅಡಿಯಲ್ಲಿ ಮ್ಯೂಸಿಯಂ ಇದೆ. ಒಳಗೆ ನಾನು ಜಾಸ್ತಿ ಹೊತ್ತು ನಿಂತಿದ್ದು ಆಟಗಾರ ಎಕ್ಟರ್ ಕ್ಯಾಸ್ಟ್ರೋ ಕಾಲದ ಕಪ್ಪು-ಬಿಳುಪು ಫೋಟೋಗಳ ಮುಂದೆ. ಕ್ಯಾಸ್ಟ್ರೋ 13ನೇ ವಯಸ್ಸಿನಲ್ಲಿ ಕೆಲಸ ಮಾಡುವಾಗ ವಿದ್ಯುತ್ ಗರಗಸಕ್ಕೆ ಸಿಕ್ಕಿ ಬಲ ಮುಂಗೈ ಕಳೆದುಕೊಂಡವನು. 1930ರ ಜುಲೈ 18ಕ್ಕೆ ದೇಶದ ಮೊದಲ ಸಂವಿಧಾನಕ್ಕೆ ನೂರು ವರ್ಷ ತುಂಬಿತ್ತು. ಅದರ ನೆನಪಿಗೇ ಸೆಂಟೆನಾರಿಯೋ. ತಿಂಗಳುಗಟ್ಟಲೆ ಹಗಲೂ ರಾತ್ರಿ ಕೆಲಸ ನಡೆದರೂ ಮಳೆಯಿಂದಾಗಿ ವಿಶ್ವಕಪ್ ಶುರುವಾದ ಜುಲೈ 13ಕ್ಕೆ ಸ್ಟೇಡಿಯಂ ಸಿದ್ಧವಿರಲಿಲ್ಲ. 18ರಂದು ಬಾಗಿಲು ತೆರೆಯಿತು. ಪೆರು ಎದುರು ಉರುಗ್ವೆ 1-0. ಆ ಒಂದು ಗೋಲು ಕ್ಯಾಸ್ಟ್ರೋನದು.

ಜುಲೈ 30ರ ಫೈನಲ್‌ಗೆ ಎದುರಾಳಿ ಮತ್ತೆ ಅರ್ಜೆಂಟೀನಾ. ಬೆಲ್ಜಿಯಂನ ರೆಫರಿ ಜಾನ್ ಲಾಂಗೆನುಸ್ ತನ್ನ ಜೀವಕ್ಕೆ ಖಾತ್ರಿ ಕೇಳಿದ ಮೇಲೆಯೇ ಮೈದಾನಕ್ಕಿಳಿದದ್ದು. ಯಾರ ಚೆಂಡಿನಲ್ಲಿ ಆಡುವುದು ಎಂಬುದೇ ಜಗಳ. ಕೊನೆಗೆ ಮೊದಲರ್ಧ ಅರ್ಜೆಂಟೀನಾ ಚೆಂಡು, ಎರಡನೆಯ ಅರ್ಧ ಉರುಗ್ವೆ ಚೆಂಡು ಎಂದು ರಾಜಿ ಆಯಿತು. ಮೊದಲರ್ಧದಲ್ಲಿ ಅರ್ಜೆಂಟೀನಾ 2-1 ಮುಂದೆ. ಚೆಂಡು ಬದಲಾಯಿತು, ಆಟವೂ ಬದಲಾಯಿತು. ಕೊನೆಗೆ ಉರುಗ್ವೆ 4-2. ಆ ನಾಲ್ಕನೇ ಗೋಲು ಹೊಡೆದದ್ದೂ ಕ್ಯಾಸ್ಟ್ರೋನೇ. ಮರುದಿನ ದೇಶಕ್ಕೆಲ್ಲ ರಜೆ.

ಆ ತಂಡದಲ್ಲಿ ನೆನಪಿಡಬೇಕಾದ ಇನ್ನೊಬ್ಬನ ಹೆಸರು ಆಂಡ್ರಾಡೆ. ಹೊಸೆ ಲಿಯಾಂಡ್ರೋ ಆಂಡ್ರಾಡೆ, ಕಪ್ಪು ವರ್ಣದ ಆಟಗಾರ. ಕೊಲಂಬ್, ಆಮ್‌ಸ್ಟರ್‌ಡ್ಯಾಮ್, ಮಾಂಟೆವಿಡಿಯೋ ಮೂರೂ ಕಡೆ ಗೆದ್ದ ತಂಡದಲ್ಲಿದ್ದ. ಪ್ಯಾರಿಸ್ ಅವನನ್ನು ತಲೆ ಮೇಲೆ ಹೊತ್ತು ಕುಣಿಯಿತು. 1957ರಲ್ಲಿ ಇದೇ ಊರಿನಲ್ಲಿ ಬಡತನದಲ್ಲಿ ಸತ್ತ.

1950ರ ಕಥೆ ಎಲ್ಲರೂ ಕೇಳಿದ್ದೇ ಅಲ್ವಾ? ರಿಯೋದ ಮರಕಾನಾ ಸ್ಟೇಡಿಯಂನಲ್ಲಿ ಬ್ರೆಜಿಲ್-ಉರುಗ್ವೆ ಕೊನೆಯ ಪಂದ್ಯಕ್ಕೆ ಎರಡು ಲಕ್ಷದ ಹತ್ತಿರ ಜನ. ಕಪ್ ಗೆಲ್ಲಲು ಬ್ರೆಜಿಲ್‌ಗೆ ಡ್ರಾ ಆದರೂ ಸಾಕಿತ್ತು. ನನಗೆ ಅದರಲ್ಲಿ ಇಷ್ಟವಾಗುವುದು ಗೋಲುಗಳಿಗಿಂತ ಬ್ರೆಜಿಲ್ ಮೊದಲ ಗೋಲು ಹೊಡೆದ ನಂತರದ ಹೊತ್ತು. ಉರುಗ್ವೆ ಕ್ಯಾಪ್ಟನ್ ಒಬ್ದುಲಿಯೋ ವರೇಲಾ ಚೆಂಡನ್ನು ಕಂಕುಳಿಗಿಟ್ಟುಕೊಂಡು ನಿಧಾನವಾಗಿ ನಡೆದು ಬಂದು, ಆಫ್‌ಸೈಡ್ ಎಂದು ಇಂಗ್ಲೆಂಡಿನ ರೆಫರಿ ಹತ್ತಿರ ತಗಾದೆ ತೆಗೆದ. ಗೋಲು ರದ್ದಾಗುವುದಿಲ್ಲ ಎಂದು ಅವನಿಗೂ ಗೊತ್ತು. ಬೇಕಾಗಿದ್ದದ್ದು ಜನರ ಅಬ್ಬರ ತಣ್ಣಗಾಗುವುದು, ಅಷ್ಟೇ. ಆಮೇಲೆ ಸ್ಕಿಯಾಫಿನೋ ಸಮ ಮಾಡಿದ, 79ನೇ ನಿಮಿಷಕ್ಕೆ ಗಿಗ್ಗಿಯಾ ಗೆಲುವಿನ ಗೋಲು ಹೊಡೆದ. ಆ ರಾತ್ರಿ ಒಬ್ದುಲಿಯೋ ರಿಯೋದ ಬಾರಿನಲ್ಲಿ ಅಳುತ್ತಿದ್ದ ಬ್ರೆಜಿಲ್ ಜನರ ಜೊತೆಗೇ ಕುಡಿಯುತ್ತಾ ಕೂತಿದ್ದನಂತೆ. ಗಿಗ್ಗಿಯಾ ತೀರಿಕೊಂಡದ್ದು 2015ರ ಜುಲೈ 16ರಂದು, ಆ ಪಂದ್ಯಕ್ಕೆ ಸರಿಯಾಗಿ 65 ವರ್ಷವಾದ ದಿನ.

ಅಲ್ಲಿಂದ ಮುಂದೆ ವಿಶ್ವಕಪ್ ಇಲ್ಲ. 2006ರಿಂದ ಹದಿನೈದು ವರ್ಷ ಕೂತು ತಂಡ ಕಟ್ಟಿದವರು ಕೋಚ್ ತಬಾರೆಸ್. ಅವರ ಕಾಲದಲ್ಲೇ 2010ರಲ್ಲಿ ನಾಲ್ಕನೇ ಸ್ಥಾನ ಬಂತು, ಫೋರ್ಲಾನ್ ಆ ಟೂರ್ನಿಯ ಶ್ರೇಷ್ಠ ಆಟಗಾರನಾದ. 2011ರಲ್ಲಿ ಅರ್ಜೆಂಟೀನಾಕ್ಕೇ ಹೋಗಿ ದಕ್ಷಿಣ ಅಮೆರಿಕದ ದೇಶಗಳ ಟೂರ್ನಿಯಾದ ಕೋಪಾ ಅಮೆರಿಕವನ್ನು 15ನೇ ಸಲ ಗೆದ್ದು ತಂದರು. 35 ಲಕ್ಷದ ಆಸುಪಾಸು ಜನರ ದೇಶಕ್ಕೆ ಇದೇನು ಕಡಿಮೆಯೇ?

ಸಂಜೆ ಪೊಸಿಟೋಸ್ ಬಡಾವಣೆಗೆ ಹೋದೆ. ಸೆಂಟೆನಾರಿಯೋ ಮುಗಿಯದೆ ಇದ್ದಾಗ ಮೊದಲ ದಿನದ ಒಂದು ಪಂದ್ಯ, ಫ್ರಾನ್ಸ್-ಮೆಕ್ಸಿಕೋ, ನಡೆದದ್ದು ಇಲ್ಲಿ. ಆ ಮೈದಾನ ಈಗಿಲ್ಲ. ಬರೀ ಮನೆ, ಅಪಾರ್ಟ್‌ಮೆಂಟ್, ಸಾಲಾಗಿ ನಿಂತ ಕಾರು. ಹಳೆಯ ದಾಖಲೆ ಹುಡುಕಿ, ಅಳತೆ ಹಾಕಿ, ಮೈದಾನದ ನಡುಬಿಂದು ಎಲ್ಲಿತ್ತು, ಫ್ರಾನ್ಸ್‌ನ ಲೂಸಿಯಾಂ ಲೊರಾಂ ವಿಶ್ವಕಪ್‌ನ ಮೊಟ್ಟಮೊದಲ ಗೋಲು ಹೊಡೆದ ಗೋಲ್‌ಪೋಸ್ಟ್ ಎಲ್ಲಿತ್ತು ಎಂದು ಪತ್ತೆ ಮಾಡಿ ಫುಟ್‌ಪಾತಿನ ಮೇಲೆ ಶಿಲ್ಪ ನಿಲ್ಲಿಸಿದ್ದಾರೆ. ಗೋಲು ಪರದೇಶದವನದು, ನೆನಪಿಟ್ಟುಕೊಂಡವರು ಇವರು.

ಫೋಟೋ ತೆಗೆಯುತ್ತಿದ್ದೆ. ನಾಯಿ ಹಿಡಿದು ಬಂದ ಅಜ್ಜಿಯೊಬ್ಬರು ಅರ್ಧ ಸ್ಪ್ಯಾನಿಷ್ ಅರ್ಧ ಇಂಗ್ಲಿಷಿನಲ್ಲಿ ಮಾತಿಗಿಳಿದರು. 2030ಕ್ಕೆ ವಿಶ್ವಕಪ್ಪಿಗೆ ನೂರು ವರ್ಷ, ಸೆಂಟೆನಾರಿಯೋಗೆ ಕೊಟ್ಟದ್ದು ಒಂದೇ ಪಂದ್ಯ ಎಂದು ಅವರಿಗೆ ಸಿಟ್ಟು. ಸಿಟ್ಟು ನ್ಯಾಯವಾದದ್ದೇ ಎಂದೆ.

"ಆಗ ಬರ್ತೀರಾ?"

"ಟಿಕೆಟ್ ಸಿಕ್ಕರೆ ಖಂಡಿತ."

"ನಮಗೇ ಸಿಗಲ್ಲ, ನಿಮಗೆಲ್ಲಿ!" ಎಂದು ನಕ್ಕು ನಾಯಿಯನ್ನು ಎಳೆದುಕೊಂಡು ಹೋದರು.